ಒತ್ತು ಮದ್ದಳೆಯ ಮೊದಲ ತಿರುಗಾಟ

ಪತ್ತನಾಜೆ ಕಳೆದು ಎಂಟು ದಿನವಾಯಿತು. ಮೈಗೆ ಇನ್ನೂ ಅದು ತಿಳಿದಿಲ್ಲ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ನಾನೊಬ್ಬ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತೇನೆ. ಬೆರಳುಗಳು ಚಾಪೆಯ ಮೇಲೆ ತಾವಾಗಿಯೇ ತ್ರಿವುಡೆ ತಾಳ ನುಡಿಸುತ್ತಿರುತ್ತವೆ. ಬೆಳಗಿನ ಐದೂವರೆಗೆ, ಮಂಗಳ ಹಾಡಿ ಮುಗಿಯುವ ಹೊತ್ತಿಗೆ ಸರಿಯಾಗಿ, ನಿದ್ದೆ ಹತ್ತುತ್ತದೆ.

ತುಳುವರ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಇಂಗ್ಲಿಷ್ ಲೆಕ್ಕದಲ್ಲಿ ಮೇ 24ರ ಆಸುಪಾಸು. ಅಂದು ತೆಂಕುತಿಟ್ಟಿನ, ಎಂದರೆ ಯಕ್ಷಗಾನದ ದಕ್ಷಿಣ ಶೈಲಿಯ, ಮೇಳಗಳು ಗೆಜ್ಜೆ ಬಿಚ್ಚುತ್ತವೆ. ನವೆಂಬರ್ ಕೊನೆಗೆ ಹೊರಟ ನಮ್ಮ ಮೇಳದ ಜೊತೆ ಒತ್ತು ಮದ್ದಳೆಗಾರನಾಗಿ, ಎಂದರೆ ಪ್ರಧಾನ ಮದ್ದಳೆಗಾರರ ಸಹಾಯಕನಾಗಿ, ನನ್ನ ಮೊದಲ ತಿರುಗಾಟ ಮುಗಿಯಿತು. 168 ಆಟ, ಎಂದರೆ ಪ್ರದರ್ಶನ. ಪೇಟೆಯ ಮೈದಾನದಲ್ಲಿ ಸಾವಿರ ಜನರ ಎದುರು ಆಡಿದವು ಬೆರಳೆಣಿಕೆಯಷ್ಟು. ಉಳಿದವೆಲ್ಲ ಹರಕೆ ಆಟಗಳು. ಸುಳ್ಯದ ಮೇಲೆ ಘಟ್ಟದ ಬುಡದಲ್ಲಿ, ಬೆಳ್ತಂಗಡಿಯಿಂದ ಚಾರ್ಮಾಡಿಯ ಕಡೆಗೆ ಹೋಗುವ ಒಳದಾರಿಗಳಲ್ಲಿ, ಬಸ್ಸು ನಿಂತಲ್ಲಿಂದ ಮೂರು ನಾಲ್ಕು ಮೈಲಿ ಒಳಗಿರುವ ಒಂಟಿ ಮನೆಗಳ ಅಂಗಳದಲ್ಲಿ, ಕೊಯ್ಲು ಮುಗಿದ ಗದ್ದೆಯಲ್ಲಿ. ಈ ಜೂನ್‌ನಲ್ಲಿ ಮೇಳದವರ ಮನೆ ಬಾಗಿಲಿಗೆ ಹೋಗಿ ನಿಲ್ಲಬೇಕೆಂದಿರುವ ಹುಡುಗರು ಕೆಲವರಿದ್ದಾರೆ, ನನಗೆ ಗೊತ್ತು. ಹೋದ ವರ್ಷ ನಾನೂ ಹಾಗೇ ನಿಂತವನು. ನನಗೆ ಯಾರೂ ಹೇಳದೆ ಉಳಿದ ಸಂಗತಿಗಳನ್ನು ಅವರಿಗಾಗಿ ಬರೆದಿಡುತ್ತಿದ್ದೇನೆ.

ಹಿಮ್ಮೇಳ, ಎಂದರೆ ಹಾಡು ಮತ್ತು ವಾದ್ಯದ ಭಾಗ, ಕಲಿತದ್ದು ಆರು ವರ್ಷ, ಶನಿವಾರ ಭಾನುವಾರಗಳಲ್ಲಿ. ಗುರುಗಳು ಕಳೆದ ಮಳೆಗಾಲದ ಮೊದಲಿಗೆ, "ಇನ್ನು ನಾನು ಕಲಿಸುವುದು ಕಮ್ಮಿ ಉಂಟು, ರಂಗಸ್ಥಳ ಕಲಿಸುವುದು ಜಾಸ್ತಿ ಉಂಟು. ಮೇಳಕ್ಕೆ ಹೋಗು" ಎಂದರು. ಒಂದು ಮೇಳದ ಮೇನೇಜರರನ್ನು ಕಂಡೆ. ಅವರು ಹೇಳಿದ್ದು ಒಂದೇ ಮಾತು: "ನೋಡುವ." ನಮ್ಮ ಕಡೆಯ ಈ "ನೋಡುವ" ಆಗುತ್ತದೆ ಎಂದೂ ಅಲ್ಲ, ಆಗುವುದಿಲ್ಲ ಎಂದೂ ಅಲ್ಲ. ಜೂನ್ ಹೋಯಿತು, ತುಳುವರ ಆಟಿ ತಿಂಗಳು ಹೋಯಿತು, ಸೋಣ ತಿಂಗಳು ಹೋಯಿತು. ಫೋನು ಬರಲಿಲ್ಲ. ಮಾಡುತ್ತಿದ್ದ ಕೆಲಸ ಬಿಡಬೇಕೋ ಬೇಡವೋ ಗೊತ್ತಾಗದೆ ಆ ನಾಲ್ಕು ತಿಂಗಳು ಪಟ್ಟ ಕಷ್ಟ ತಿರುಗಾಟದ ಆರು ತಿಂಗಳಿನಲ್ಲೂ ಪಟ್ಟಿಲ್ಲ. ನವರಾತ್ರಿಯ ಆರನೆಯ ದಿನ ಕರೆ ಬಂತು: "ಒಬ್ಬ ಹುಡುಗ ಬರುವುದಿಲ್ಲ ಹೇಳಿದ್ದಾನೆ. ನೀನು ಬರ್ತೀಯಾ?"

ಕಾಯುತ್ತಿರುವವರಿಗೆ ನಾನು ಹೇಳುವುದು ಇಷ್ಟೆ. ಮೇಳಗಳು ಹಳೆಯ ಕಲಾವಿದರ ಹೌದು ಅಲ್ಲ ತಿಳಿದ ಮೇಲಷ್ಟೇ ಹೊಸಬರ ಕಡೆ ನೋಡುತ್ತವೆ, ಆದ್ದರಿಂದ ನವರಾತ್ರಿಯವರೆಗೆ ಸುದ್ದಿ ಇಲ್ಲದಿದ್ದರೆ ಆಸೆ ಬಿಡಬೇಡಿ. ಆ ತಿಂಗಳುಗಳಲ್ಲಿ ವೇಷ ಕುಣಿತವಿಲ್ಲದ ತಾಳಮದ್ದಳೆ ಕೂಟಗಳಿಗೆ ಹೋಗಿ ಕುಳಿತಿರಿ. ಕೈ ಬಿಟ್ಟುಹೋಗುವುದಿಲ್ಲ, ನಿಮ್ಮ ಹೆಸರು ಹಾಡುವ ಭಾಗವತರ ಕಿವಿಯಲ್ಲೂ ಉಳಿಯುತ್ತದೆ.

ಕಾಗದಪತ್ರ ಹೆಚ್ಚೇನೂ ಇಲ್ಲ. ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಪುಸ್ತಕದ ಮೊದಲ ಪುಟ, ಎರಡು ಫೋಟೋ, ತಿರುಗಾಟ ಮುಗಿಯುವವರೆಗೆ ಬಿಟ್ಟುಹೋಗುವುದಿಲ್ಲ ಎಂದು ಬರೆದ ಒಂದು ಒಪ್ಪಂದ. ನಾನು ಸಂತೋಷದಲ್ಲಿ ಓದದೆ ಸಹಿ ಹಾಕಿದೆ. ಆಟ ಇಲ್ಲದ ದಿನದ ಲೆಕ್ಕ ಏನು, ಹುಷಾರಿಲ್ಲದಾಗ ಬದಲಿ ಜನಕ್ಕೆ ಕೊಡುವುದು ಯಾರು, ವಾದ್ಯದ ರಿಪೇರಿ ಯಾರ ಖರ್ಚು ಎಂಬ ಮೂರು ಪ್ರಶ್ನೆ ಕೇಳಬೇಕಿತ್ತು. ಕೇಳಲಿಲ್ಲ. ಆಮೇಲೆ ಮೂರಕ್ಕೂ ಉತ್ತರ ಒಂದೊಂದಾಗಿ ನನ್ನ ಕಿಸೆಯಿಂದಲೇ ಸಿಕ್ಕಿತು. ಮುಂಗಡವಾಗಿ ಸಿಕ್ಕಿದ ಹಣದಲ್ಲಿ ಎರಡನೆಯ ಮದ್ದಳೆ ಕೊಂಡೆ, ಹಲಸಿನ ಮರದ್ದು, ಹಳೆಯದು, 7,500 ರೂಪಾಯಿ. ಎರಡು ಮದ್ದಳೆ ಇಲ್ಲದೆ ತೆಂಕಿನ ಮೇಳಕ್ಕೆ ಹೋಗಲೇಬೇಡಿ. ಪೂರ್ವರಂಗಕ್ಕೆ ಹಾಡುವ ಸಂಗೀತಗಾರರ ಶ್ರುತಿ ಒಂದು, ನಡುರಾತ್ರಿಗೆ ಬರುವ ಪ್ರಧಾನ ಭಾಗವತರ ಶ್ರುತಿ ಇನ್ನೊಂದು. ಒಂದೇ ಮುಚ್ಚಿಗೆಯನ್ನು, ಎಂದರೆ ಮದ್ದಳೆಯ ಬಾಯಿಗೆ ಬಿಗಿದ ಚರ್ಮವನ್ನು, ದಿನಾ ರಾತ್ರಿ ಬಡಿದು ಏರಿಸಿ, ಬಡಿದು ಇಳಿಸಿ ಮಾಡಿದರೆ ಅದು ತಿಂಗಳೂ ಬಾಳುವುದಿಲ್ಲ.

ಹೊರಡುವ ಮೊದಲು ಗುರುಗಳು ನನ್ನಿಂದ ಇನ್ನೊಂದು ಕೆಲಸ ಮಾಡಿಸಿದರು. ಬ್ಯಾಂಕಿಗೆ ಕರೆದುಕೊಂಡು ಹೋಗಿ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಹೆಸರು ಬರೆಸಿದರು. 18ರಿಂದ 70 ವರ್ಷದವರು ಯಾರೂ ಸೇರಬಹುದು, ವರ್ಷಕ್ಕೆ 20 ರೂಪಾಯಿ ಖಾತೆಯಿಂದ ಹೋಗುತ್ತದೆ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ ಎರಡು ಲಕ್ಷ. ಸಾವಿನ ಮಾತು ಈಗ ಯಾಕೆ ಎಂದು ನನಗೆ ಬೇಸರವಾಗಿತ್ತು. ಬೆಳಗಿನ ಜಾವ ಬೈಕಿನಲ್ಲಿ ಮನೆಗೆ ಹೊರಡುವ ಕಲಾವಿದರನ್ನು ಕಂಡ ಮೇಲೆ ಅವರು ಯಾಕೆ ಹಾಗೆ ಮಾಡಿದರೆಂದು ತಿಳಿಯಿತು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಒತ್ತು ಮದ್ದಳೆಗಾರನ ದಿನ ಹೇಗಿರುತ್ತದೆ ಎನ್ನುವುದು ಹೊರಗಿನಿಂದ ಕಾಣುವುದಿಲ್ಲ. ಸಂಜೆ ಆಟ ಇದೆ ಎಂದು ಊರಿಗೆ ಸಾರುವ ಕೇಳಿ ಬಾರಿಸಲು ಚೆಂಡೆಯ ಜೊತೆ ನಿಲ್ಲಬೇಕು. ವೇಷ ಕಟ್ಟುವ ಜಾಗವಾದ ಚೌಕಿಯಲ್ಲಿ ಪೂಜೆ ಮುಗಿದದ್ದೇ ರಂಗಸ್ಥಳ. ಕೋಡಂಗಿ, ಬಾಲಗೋಪಾಲರು, ಸ್ತ್ರೀವೇಷ, ಹೀಗೆ ಪೂರ್ವರಂಗ ಪೂರ್ತಿ ನನ್ನದು. ಪ್ರಸಂಗ ಶುರುವಾಗಿ ಪ್ರಧಾನ ಭಾಗವತರು, ಪ್ರಧಾನ ಮದ್ದಳೆಗಾರರು ಬಂದು ಕುಳಿತ ಮೇಲೆ ಎದ್ದು ಚೌಕಿಗೆ ಹೋಗಬಹುದು. ಆದರೆ ನಿದ್ದೆ ಇಲ್ಲ, ಚಕ್ರತಾಳ ಹಿಡಿದು ಹಿಂದೆ ನಿಲ್ಲಲು ಯಾವಾಗ ಬೇಕಾದರೂ ಕರೆ ಬರುತ್ತದೆ. ಮೊದಲ ತಿಂಗಳು ನನಗೆ ಇದು ಕೆಳಗಿನ ಕೆಲಸ ಎನಿಸುತ್ತಿತ್ತು. ಪ್ರಧಾನ ಮದ್ದಳೆಯ ಎಡಗೈಯನ್ನು ಎರಡಡಿ ದೂರದಿಂದ ನೂರಾರು ಗಂಟೆ ನೋಡಲು ಸಿಗುವ ಜಾಗ ಅದೊಂದೇ ಎನ್ನುವುದು ಜನವರಿಯ ಹೊತ್ತಿಗೆ ಅರ್ಥವಾಯಿತು.

ದಾರಿಯ ವಿಷಯಕ್ಕೆ ಬರುತ್ತೇನೆ. ಹರಕೆಯ ಮನೆಗಳಲ್ಲಿ ಅರ್ಧದಷ್ಟಕ್ಕೆ ಮೇಳದ ಲಾರಿ ಹೋಗುವುದಿಲ್ಲ. ಡಾಮರು ಮುಗಿದಲ್ಲಿ ಲಾರಿ ನಿಲ್ಲುತ್ತದೆ. ರಂಗಸ್ಥಳದ ಕಂಬ, ವೇಷದ ಪೆಟ್ಟಿಗೆ, ಜನರೇಟರ್ ಎಲ್ಲ ಪಿಕಪ್ಪಿಗೆ ಏರುತ್ತವೆ. ಅದೂ ಹೋಗದ ಕಡೆ ಊರಿನ ಹುಡುಗರು ಬಂದು ಹೆಗಲು ಕೊಡುತ್ತಾರೆ. ಹಿಂದೆ ಮೇಳಗಳು ನಡೆದೇ ಊರೂರು ತಿರುಗುತ್ತಿದ್ದವು, ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊರುವ ಜನವೇ ಇತ್ತು ಎಂದು ಹಿರಿಯ ವೇಷಧಾರಿಗಳು ಹೇಳುವುದನ್ನು ಕೇಳಿದ್ದೆ. ಡಿಸೆಂಬರಿನಲ್ಲಿ ಕೊಲ್ಲಮೊಗ್ರಿನಿಂದ ಆಚೆ ಒಂದು ಮನೆಗೆ ಅಕಾಲದ ಮಳೆಯಲ್ಲಿ ಎರಡು ಮದ್ದಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗವಚಿಕೊಂಡು ತೋಡು ದಾಟಿದ ದಿನ ಆ ಮಾತು ಕಾಲಿಗೇ ತಿಳಿಯಿತು. ಕಾಲಿಗೆ ಉಂಬುಳ (ಜಿಗಣೆ) ಹತ್ತಿದ್ದನ್ನು ಪೂರ್ವರಂಗ ಮುಗಿದ ಮೇಲಷ್ಟೇ ನೋಡಿದೆ.

ಇಂಥ ಜಾಗಗಳಲ್ಲಿ ಮೊದಲು ನಮ್ಮನ್ನು ಸೋಲಿಸುವುದು ಇಬ್ಬನಿ. ತೋಟದ ಕೆಳಗಿನ ಗದ್ದೆಯಲ್ಲಿ ರಂಗಸ್ಥಳ ಹಾಕಿದರೆ ಹನ್ನೊಂದು ಗಂಟೆಗೆಲ್ಲ ಮುಚ್ಚಿಗೆ ತೇವ ಹೀರಿ ಸಡಿಲಾಗುತ್ತದೆ, ಶ್ರುತಿ ಇಳಿಯುತ್ತದೆ. ಪೇಟೆಯ ಸಭಾಂಗಣದಲ್ಲಿ ಕಲಿತ ನನಗೆ ಇದರ ವೇಗ ಗೊತ್ತೇ ಇರಲಿಲ್ಲ. ಸಂಜೆ ಸರಿಯಾಗಿ ಕೂಡಿಸಿದ ಮದ್ದಳೆ ಬಾಲಗೋಪಾಲರು ಕುಣಿಯುವ ಹೊತ್ತಿಗೆ ಬೇರೆಯದೇ ವಾದ್ಯದಂತೆ ಕೇಳುತ್ತಿತ್ತು. ಕೊನೆಗೆ ಕಂಡುಕೊಂಡ ದಾರಿ ಹೀಗೆ: ನುಡಿಸದೆ ಇರುವ ಮದ್ದಳೆಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಚೌಕಿಯಲ್ಲಿ ಬಣ್ಣದ ವೇಷದವರ ದೀಪದ ಹತ್ತಿರ ಇಡುವುದು. ಬೆಂಕಿಯ ಹತ್ತಿರ ಅಲ್ಲ, ಅಲ್ಲಿ ಚರ್ಮ ಒಣಗಿ ಬಿರಿಯುತ್ತದೆ. ಒಂದು ಗಜ ದೂರ ಸಾಕು. ಎಡಮುಚ್ಚಿಗೆಗೆ ಬೋನ ಎಂಬ ಲೇಪ ಹಾಕುವಾಗಲೂ ಇಬ್ಬನಿಯ ರಾತ್ರಿ ಕೈ ಹಿಡಿದು ಹಾಕಬೇಕು, ಮಾರ್ಚ್‌ನ ಒಣ ರಾತ್ರಿಗೆ ಹಾಕುವಷ್ಟು ಹಾಕಿದರೆ ಮಧ್ಯರಾತ್ರಿಗೆ ಅದು ಗೊಡ್ಡಾಗುತ್ತದೆ.

ಬೇಸಗೆ ಬೇರೆ ಪಾಠ. ಫೆಬ್ರವರಿಯ ಕೊನೆಯ ಒಂದು ಮಧ್ಯಾಹ್ನ ಮದ್ದಳೆಯನ್ನು ಬಿಸಿಲಿನಲ್ಲಿ ನಿಂತ ಬಸ್ಸಿನೊಳಗೆ ಬಿಟ್ಟು ಒಂದು ಶಾಲೆಯ ಜಗಲಿಯಲ್ಲಿ ಮಲಗಿದೆ. ಸಂಜೆ ಶ್ರುತಿ ಕೂಡಿಸುವಾಗ ಸುತ್ತಿಗೆಯ ಎರಡನೆಯ ಏಟಿಗೆ ಬಲಮುಚ್ಚಿಗೆ ನಡುವಿನ ಕಪ್ಪು ಕರಣೆಯ ಪಕ್ಕದಿಂದ ಅಂಚಿನವರೆಗೆ ಸೀಳಿತು. ಆ ಶಬ್ದ ನೆನೆದರೆ ಈಗಲೂ ಹೊಟ್ಟೆಯೊಳಗೆ ಏನೋ ಆಗುತ್ತದೆ. ಮುಚ್ಚಿಗೆ ಹಾಕುವವರು ಇದ್ದದ್ದು ಅರುವತ್ತು ಕಿಲೋಮೀಟರ್ ಆಚೆ, ಅವರ ಕೈಯಲ್ಲಿ ಆಗಲೇ ಸಾಲಾಗಿ ವಾದ್ಯಗಳಿದ್ದವು. ಒಂಬತ್ತು ದಿನ ಕಾದೆ, 1,900 ರೂಪಾಯಿ ಕೊಟ್ಟೆ. ಆ ಒಂಬತ್ತು ರಾತ್ರಿ ಒಂದೇ ಮದ್ದಳೆ, ಎರಡು ಶ್ರುತಿ. ಹಾಗಾಗಿ ಹೊರಡುವ ಮೊದಲೇ ಒಂದು ಬಲಮುಚ್ಚಿಗೆ ಹೆಚ್ಚಿಗೆ ಮಾಡಿಸಿಟ್ಟುಕೊಳ್ಳಿ, ಅದನ್ನು ಬಿಗಿಯಲು ನೀವೇ ಕಲಿತಿರಿ. ಪೇಟೆಯಲ್ಲಿ ಇದ್ದವನಿಗೆ ಇದು ಬೇಕಾಗದು. ಘಟ್ಟದ ಬುಡದಲ್ಲಿ ಬೇರೆ ಯಾರೂ ಇರುವುದಿಲ್ಲ.

ಮೈಕಿನ ಸಂಗತಿಯೂ ಹಾಗೆಯೇ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕಕ್ಕೆ ಅವಕಾಶವಿಲ್ಲ. ಹೀಗಾಗಿ ಈಗ ಬಹಳ ಆಟಗಳು ಕಾಲಮಿತಿಗೆ ಬಂದಿವೆ, ಅನುಮತಿಯ ಕಾಗದಕ್ಕಾಗಿ ಆಟ ಆಡಿಸುವವರು ಅಲೆಯುವುದನ್ನು ನಾನೇ ಕಂಡಿದ್ದೇನೆ. ಆದರೆ ಮೈಕಿಲ್ಲದೆ ನುಡಿಸಲು ನನಗೆ ಬಾರದು ಎಂದು ನನಗೇ ಗೊತ್ತಾದದ್ದು ಒಂದು ಜನರೇಟರ್ ಕೆಟ್ಟ ರಾತ್ರಿ.

ನೆರಿಯದ ಕಡೆಯ ಒಂದು ಆಟ. ಹತ್ತೂಕಾಲಕ್ಕೆ ಕರೆಂಟು ಹೋಯಿತು, ಜನರೇಟರ್ ಎರಡು ಸಲ ಕೆಮ್ಮಿ ನಿಂತಿತು. ಮನೆಯವರು ಗ್ಯಾಸ್‌ಲೈಟು ತಂದು ಕಂಬಕ್ಕೆ ಕಟ್ಟಿದರು, ಯಾರೋ ಎರಡು ದೊಂದಿ ಹಚ್ಚಿ ನಿಂತರು. ಸಂಗೀತಗಾರರು ಒಂದು ಕ್ಷಣವೂ ನಿಲ್ಲಿಸದೆ ಬರಿಯ ಕಂಠದಲ್ಲಿ ಹಾಡು ಎತ್ತಿದರು. ಗಾಬರಿಯಲ್ಲಿ ನಾನು ಕೈ ಜೋರು ಮಾಡಿದೆ. ಮೈಕ್ ಇಲ್ಲವಲ್ಲ, ಕೇಳಿಸಬೇಕಲ್ಲ ಎಂದು. ಹಿಂದಿನಿಂದ ಪ್ರಧಾನ ಮದ್ದಳೆಗಾರರು ಬಂದು ನನ್ನ ಎಡ ಭುಜದ ಮೇಲೆ ಕೈಯಿಟ್ಟು ನಿಧಾನಕ್ಕೆ ಒತ್ತಿದರು. ಮಾತಿಲ್ಲ. ಆ ಒತ್ತು ಇಳಿಸು ಎಂಬ ಒತ್ತು. ಎಡಗೈ ಇಳಿಸಿದೆ, ಇನ್ನೂ ಒತ್ತಿದರು, ಇನ್ನೂ ಇಳಿಸಿದೆ. ಆಗ ಕೇಳಿಸಿತು. ಸಂಗೀತಗಾರರ ಸಾಹಿತ್ಯದ ಒಂದೊಂದು ಅಕ್ಷರ, ಅದರ ಕೆಳಗೆ ನನ್ನ ಬಲಗೈಯ ಚಾಪು, ವೇಷದ ಗೆಜ್ಜೆ, ಆಚೆ ತೋಡಿನ ನೀರು. ಸುಮಾರು ನಲುವತ್ತು ಜನ ಇದ್ದರು. ಯಾರೂ ಹೇಳದೆಯೇ ಕುರ್ಚಿ ಬಿಟ್ಟು ಎದ್ದು ರಂಗಸ್ಥಳದ ಹತ್ತಿರಕ್ಕೆ ಬಂದು ನೆಲದ ಮೇಲೆ ಕುಳಿತರು. ಒಂದೂವರೆ ಗಂಟೆಯ ಮೇಲೆ ಕರೆಂಟು ಬಂತು. ಮೈಕಿನವರು ಗುಂಡಿ ಒತ್ತಿದಾಗ ಬಂದ ಶಬ್ದಕ್ಕೆ ಎದುರು ಕುಳಿತಿದ್ದ ಮಗುವೊಂದು ಬೆಚ್ಚಿ ಅತ್ತಿತು. ಆ ರಾತ್ರಿಯ ನಂತರ ದಿನಾ ಅರ್ಧ ಗಂಟೆ ಮೈಕಿಲ್ಲದೆ, ಹಾಡುವ ಒಬ್ಬರನ್ನು ಎದುರು ಕೂರಿಸಿಕೊಂಡು ಅಭ್ಯಾಸ ಮಾಡಿದೆ. ಹೊರಡುವ ಮೊದಲೇ ಇದನ್ನು ಮಾಡಿರಿ ಎಂದು ಹೊಸಬರನ್ನು ಬೇಡಿಕೊಳ್ಳುತ್ತೇನೆ.

ದೇವೀ ಮಹಾತ್ಮೆಯ ಆಟವಾದರೆ ಇಂಥ ಕಡೆ ಮಹಿಷಾಸುರನ ಪ್ರವೇಶ ನೋಡಬೇಕು. ಪೇಟೆಯಲ್ಲಿ ಅವನು ಜನರ ನಡುವಿನಿಂದ ಬರುತ್ತಾನೆ, ಸುತ್ತ ಮೊಬೈಲುಗಳ ಬೆಳಕು. ಇಲ್ಲಿ ಗುಡ್ಡದ ಮೇಲಿನ ಕತ್ತಲಲ್ಲಿ ಎಲ್ಲೋ ಒಂದು ಆರ್ಭಟೆ ಕೇಳುತ್ತದೆ. ಆಮೇಲೆ ಅಡಿಕೆ ಮರಗಳ ಸಂದಿಯಲ್ಲಿ ಎರಡು ಸೂಟೆಗಳ, ಎಂದರೆ ಪಂಜುಗಳ, ಬೆಂಕಿ. ವೇಷ ಕಾಣುವುದಿಲ್ಲ, ಹೆಜ್ಜೆ ಕೇಳುವುದಿಲ್ಲ. ಬೆಂಕಿ ನಿಂತರೆ ಅವನು ನಿಂತಿದ್ದಾನೆ, ಬೆಂಕಿ ಹಾರಿದರೆ ಅವನು ಹಾರಿದ್ದಾನೆ. ಚೆಂಡೆಯವರೂ ನಾವೂ ಆ ಬೆಂಕಿಯನ್ನೇ ನೋಡಿಕೊಂಡು ನುಡಿಸಬೇಕು. ಗದ್ದೆಯ ಹುಣಿಯ ಮೇಲೆ ಅವನು ಇಳಿದು ಬರುವ ಹತ್ತು ನಿಮಿಷ ನನ್ನ ಕಣ್ಣು ಮುಚ್ಚಿದ್ದೇ ನೆನಪಿಲ್ಲ. ನಾಯಿಗಳು ಮನೆಯೊಳಗೆ ಓಡುತ್ತವೆ, ಮಕ್ಕಳು ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿ ಒಂದು ಕಣ್ಣು ಮಾತ್ರ ಹೊರಗಿಡುತ್ತಾರೆ. ಎಷ್ಟು ಸಲ ನುಡಿಸಿದರೂ ಇದು ನನಗೆ ಹಳತಾಗಲಿಲ್ಲ.

ಮಾರ್ಚ್‌ನ ಒಂದು ಆಟದ ಬಗ್ಗೆ ಹೇಳದೆ ಈ ಬರಹ ನನ್ನಿಂದ ಆಗದು. ಊರಿನ ಹೆಸರು ಬೇಡ. ಘಟ್ಟದ ಬುಡ, ಹತ್ತಿರದ ಮನೆಗೆ ಅರ್ಧ ಮೈಲಿ. ಹರಕೆ ಹೊತ್ತದ್ದು ಆ ಮನೆಯ ಅಜ್ಜ, ಮಗ ಮರದಿಂದ ಬಿದ್ದು ಆಸ್ಪತ್ರೆಯಲ್ಲಿದ್ದಾಗ. ಮಗ ಎದ್ದು ನಡೆದ. ಆದರೆ ಹೆಸರುಳ್ಳ ಮೇಳಗಳ ಹರಕೆ ಆಟಕ್ಕೆ ದಿನ ಸಿಗಲು ವರ್ಷಗಟ್ಟಲೆ ಕಾಯಬೇಕು. ಇವರ ಸರದಿ ಬರುವಾಗ ಹನ್ನೊಂದು ವರ್ಷ ಕಳೆದಿತ್ತು, ಅಜ್ಜ ಇರಲಿಲ್ಲ. ಮೇಳ ಸೇರಲು ನಾಲ್ಕು ತಿಂಗಳು ಕಾದದ್ದನ್ನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದ ನಾನು ಅಂದಿನಿಂದ ಆ ಮಾತು ಬಿಟ್ಟೆ.

ಅಂದು ಪ್ರಧಾನ ಮದ್ದಳೆಗಾರರಿಗೆ ಸಂಜೆಯಿಂದಲೇ ಜ್ವರ. ಒಂದು ಗಂಟೆಯವರೆಗೆ ಹೇಗೋ ನುಡಿಸಿದರು. ಬಳಿಕ ಭಾಗವತರ ಕಡೆ ನೋಡಿ ಕೈ ಮುಗಿದು ಎದ್ದರು. ಭಾಗವತರು ತಿರುಗಿ ನೋಡಿ, "ಬಾ, ಕೂತುಕೋ" ಎಂದರು ನನಗೆ. ಅಲ್ಲಿಯವರೆಗೆ ನಾನು ಪ್ರಧಾನ ಭಾಗವತರಿಗೆ ಬೆಳಗಿನವರೆಗೆ ನುಡಿಸಿದವನಲ್ಲ. ಬೆರಳು ತಣ್ಣಗಾಗಿತ್ತು.

ಹನ್ನೆರಡಕ್ಕೆ ಊಟ ಮುಗಿಸಿ ದೂರದವರೆಲ್ಲ ಹೊರಟಿದ್ದರು. ಎರಡು ಗಂಟೆಗೆ ಎಣಿಸಿದೆ, ಎಚ್ಚರ ಇದ್ದವರು ಹತ್ತೊಂಬತ್ತು ಜನ. ಅದರಲ್ಲಿ ಆರು ಜನ ಅಡುಗೆಯವರು. ಎದುರು ಬದಿಯ ಜಗಲಿಯ ಅಂಚಿನಲ್ಲಿ ಅಜ್ಜಿ ಕಂಬಳಿ ಹೊದ್ದು ಕುಳಿತಿದ್ದರು, ಒರಗದೆ. ಎರಡೂವರೆಯ ಹೊತ್ತಿಗೆ ಬಲಮುಚ್ಚಿಗೆ ಇಳಿಯುತ್ತಿರುವುದು ನನ್ನ ಕಿವಿಗೆ ಬಂತು. ಸ್ವಲ್ಪವೇ. ಬೆಚ್ಚಗಿರುವ ಇನ್ನೊಂದು ಮದ್ದಳೆ ಚೌಕಿಯಲ್ಲಿದೆ. ತರಬೇಕೆಂದರೆ ಅರ್ಥಗಾರಿಕೆ, ಎಂದರೆ ವೇಷಧಾರಿಗಳ ಮಾತು, ನಡೆಯುವಾಗ ಸದ್ದಿಲ್ಲದೆ ಎದ್ದು, ಹಿಂದಿನಿಂದ ಇಳಿದು, ಗದ್ದೆ ದಾಟಿ ಹೋಗಿ ಬರಬೇಕು. ಪದ ಎತ್ತುವ ಹೊತ್ತಿಗೆ ವಾಪಸು ಬಾರದಿದ್ದರೆ ಆಟ ಕೆಟ್ಟಂತೆ. ಇಷ್ಟು ಜನಕ್ಕೆ, ಅದೂ ನಿದ್ದೆಗಣ್ಣಿನವರಿಗೆ, ಈ ವ್ಯತ್ಯಾಸ ಗೊತ್ತಾಗುತ್ತದೆಯೇ ಎಂಬ ಯೋಚನೆ ನನಗೆ ಬಂತು. ಬರಲಿಲ್ಲ ಎಂದು ಸುಳ್ಳು ಹೇಳಲಾರೆ. ಎರಡು ಪದ ಹಾಗೆಯೇ ನುಡಿಸಿದೆ. ಭಾಗವತರು ಏನೂ ಅನ್ನಲಿಲ್ಲ, ತಮ್ಮ ಸ್ವರವನ್ನು ಇನ್ನಷ್ಟು ಗಟ್ಟಿ ಹಿಡಿದುಕೊಂಡರು. ಅದು ಕೇಳಿಸಿದ ಮೇಲೆ ನನಗೆ ಕೂರಲಾಗಲಿಲ್ಲ. ದೇವೇಂದ್ರನ ಮಾತು ಉದ್ದ ಎಂದು ಗೊತ್ತಿತ್ತು. ಎದ್ದು ಓಡಿದೆ, ಮದ್ದಳೆ ತಂದೆ, ಬೆರಳ ತುದಿಯಲ್ಲಿ ಮುಟ್ಟಿ ನೋಡಿದೆ. ಕೂಡಿತ್ತು. ಭಾಗವತರು ಪದ ಎತ್ತಿದರು.

ಮಂಗಳವಾಗುವಾಗ ಆರು ಹೊಡೆದಿತ್ತು. ಪ್ರಸಾದ ಕೊಟ್ಟಾಯಿತು. ವಾದ್ಯ ಕಟ್ಟುತ್ತಿದ್ದೆ. ಅಜ್ಜಿ ಕೋಲೂರಿಕೊಂಡು ಬಂದು ಹತ್ತಿರ ನಿಂತರು. "ಮಗಾ, ನಡುವಿನಲ್ಲಿ ಮದ್ದಳೆ ಇಳೀಲಿಕ್ಕೆ ಸುರುವಾಗಿತ್ತು. ಬದಲಾಯಿಸಿದೆ ಅಲ್ವಾ? ಒಳ್ಳೇದು ಮಾಡಿದೆ. ಭಾಗವತರಿಗೆ ಕಷ್ಟ ಆಗ್ತಾ ಇತ್ತು."

"ನಿಮಗೆ ಗೊತ್ತಾಯ್ತಾ ಅಜ್ಜೀ?" ಎಂದು ಕೇಳಿದೆ.

"ಎಂತ ಗೊತ್ತಾಗದೆ? ಇವರು ಇದೇ ಜಗಲಿಯಲ್ಲಿ ತಾಳಮದ್ದಳೆ ಮಾಡಿಸ್ತಿದ್ರು, ವಾರ ವಾರ. ಚಾ ಮಾಡಿ ಕೊಡ್ಲಿಕ್ಕೆ ನಾನು ಒಳಗೆ ಇರ್ತಿದ್ದೆ. ಕೇಳುವುದಕ್ಕೆ ಹೊರಗೆ ಬರ್ಬೇಕು ಅಂತ ಉಂಟಾ?"

ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಎರಡು ಪದ ಹಾಗೆಯೇ ನುಡಿಸಿದ್ದನ್ನು ಅವರಿಗೆ ಹೇಳಬೇಕಿತ್ತು, ಹೇಳಲಿಲ್ಲ. ಅದಾದ ಮೇಲೆ ಯಾವ ಆಟದಲ್ಲೂ ತಲೆ ಎಣಿಸಿಲ್ಲ.

ಇನ್ನು ಮೈಯ ಮತ್ತು ಮನಸ್ಸಿನ ವಿಷಯ. ನಿದ್ದೆ ಹಗಲಿನದು: ಅಡಿಕೆ ಶೆಡ್ಡು, ಶಾಲೆಯ ಜಗಲಿ, ಭಜನಾ ಮಂದಿರ. ಕಿವಿಗೆ ಹತ್ತಿ, ಕಣ್ಣಿಗೆ ಕಪ್ಪು ಬಟ್ಟೆ, ದಪ್ಪ ಚಾಪೆ, ಈ ಮೂರಕ್ಕೆ ದುಡ್ಡು ಹಾಕಲು ಹಿಂದೆ ಮುಂದೆ ನೋಡಬೇಡಿ. ಬೆರಳ ತುದಿ ಜನವರಿಯ ಚಳಿಯಲ್ಲಿ ಒಡೆಯುತ್ತದೆ. ಕೊಬ್ಬರಿ ಎಣ್ಣೆ ಹಚ್ಚುವುದಾದರೆ ಬೆಳಿಗ್ಗೆ ಮಲಗುವಾಗ ಹಚ್ಚಿ, ಸಂಜೆ ಹಚ್ಚಿದರೆ ಮುಚ್ಚಿಗೆಗೆ ತಾಗಿ ಅದು ಹಾಳಾಗುತ್ತದೆ. ಮನೆಯ ಶುಭಕಾರ್ಯಗಳು ತಪ್ಪುತ್ತವೆ. ಅಕ್ಕನ ಮಗುವಿನ ನಾಮಕರಣಕ್ಕೆ ಬದಲಿ ಜನ ಸಿಗದೆ ಹೋಗಲಾಗಲಿಲ್ಲ. ಅಕ್ಕ ಏನೂ ಹೇಳಲಿಲ್ಲ, ಅದೇ ಹೆಚ್ಚು ನೋಯಿಸಿತು. ಮನೆಯ ಮದುವೆ ಮುಂಜಿಯ ದಿನ ಗೊತ್ತಾದ ಕೂಡಲೇ ಬದಲಿಗೆ ಒಬ್ಬರನ್ನು ಹೇಳಿಟ್ಟುಕೊಳ್ಳಿ, ತಿಂಗಳ ಮೊದಲೇ.

ಮತ್ತು ಬೈಕು. ಆಟ ಮುಗಿದದ್ದೇ ಮನೆಗೆ ಹೊರಡುವ ಆಸೆ ಎಲ್ಲರಿಗೂ ಇರುತ್ತದೆ, ಮೂವತ್ತು ಕಿಲೋಮೀಟರ್ ಅಷ್ಟೆ ಅನ್ನಿಸುತ್ತದೆ. ಏಪ್ರಿಲ್‌ನ ಒಂದು ಬೆಳಿಗ್ಗೆ ಒಂದು ತಿರುವಿನಲ್ಲಿ ನಾನು ಕಣ್ಣು ಬಿಟ್ಟಾಗ ಬೈಕು ರಸ್ತೆಯ ಬಲಬದಿಯಲ್ಲಿತ್ತು. ಎದುರಿನಿಂದ ಬಸ್ಸು ಬರಲಿಲ್ಲ, ಅಷ್ಟೆ. ಅಲ್ಲೇ ಬೈಕು ನಿಲ್ಲಿಸಿ ಮೋರಿಯ ಮೇಲೆ ಕುಳಿತು ನಡುಗಿದೆ. ಅಂದಿನಿಂದ ಆಟದ ಜಾಗದಲ್ಲೇ ಮೂರು ಗಂಟೆ ಮಲಗದೆ ಬೈಕು ಮುಟ್ಟಿಲ್ಲ. ಹರಕೆಯ ಮನೆಯವರನ್ನು ಕೇಳಿ, ಮಲಗಲು ಜಾಗ ಇಲ್ಲ ಎಂದವರು ಒಬ್ಬರೂ ಇಲ್ಲ. ಕಲಾವಿದರಿಗೆ ಮನೆ ಕಟ್ಟಿಸಿಕೊಡುವ, ಅವರ ಮಕ್ಕಳ ಓದಿಗೆ ನೆರವಾಗುವ ಉಡುಪಿಯ ಯಕ್ಷಗಾನ ಕಲಾರಂಗದಂಥ ಸಂಸ್ಥೆ 1975ರಿಂದ ನಮ್ಮ ನಡುವೆ ಇದೆ, ಅದು ದೊಡ್ಡ ಭಾಗ್ಯ. ಆದರೆ ಬೆಳಗಿನ ಆರರ ನಿದ್ದೆಯಿಂದ ನಮ್ಮನ್ನು ನಾವೇ ಕಾಯಬೇಕು.

ಲೆಕ್ಕ ಕೇಳುವವರಿಗೆ: ಎರಡನೆಯ ಮದ್ದಳೆ, ಎರಡು ಸಲ ಮುಚ್ಚಿಗೆ, ಪೆಟ್ರೋಲು, ಬದಲಿ ಜನಕ್ಕೆ ಕೊಟ್ಟದ್ದು, ಒಂದು ವಾರದ ಜ್ವರದ ಔಷಧಿ ಎಲ್ಲ ಕಳೆದು ಕೈಯಲ್ಲಿ ಉಳಿದದ್ದು ಬಿಟ್ಟ ಕೆಲಸದ ಮೂರು ತಿಂಗಳ ಸಂಬಳದಷ್ಟೂ ಇಲ್ಲ. ಇದನ್ನು ಮುಚ್ಚಿಟ್ಟು ಯಾರನ್ನೂ ಕರೆಯಲಾರೆ. ಮನೆಯಲ್ಲಿ ಮೊದಲೇ ಕುಳಿತು ಮಾತಾಡಿ ಹೊರಡಿ.

ಪತ್ತನಾಜೆಯ ದಿನ ದೇವಸ್ಥಾನದ ಎದುರು ಕೊನೆಯ ಆಟವಾಯಿತು. ಗೆಜ್ಜೆ ಬಿಚ್ಚಿದರು. ಆರು ತಿಂಗಳು ಒಂದೇ ಚಾಪೆಯಲ್ಲಿ ಮಲಗಿದವರು ಒಬ್ಬೊಬ್ಬರಾಗಿ ಚೀಲ ಹೆಗಲಿಗೇರಿಸಿ ಹೊರಟರು. ಪ್ರಧಾನ ಮದ್ದಳೆಗಾರರು ನನ್ನನ್ನು ಕರೆದು, "ಮಳೆಗಾಲಕ್ಕೆ ಎಂತ ಮಾಡ್ತೀ?" ಎಂದರು. ಗೊತ್ತಿಲ್ಲ ಎಂದೆ. ಚಿಕ್ಕಮೇಳಕ್ಕೆ ಬರಲು ಹೇಳಿದರು. ಮಳೆಗಾಲದಲ್ಲಿ ಎರಡು ವೇಷ, ಒಬ್ಬ ಭಾಗವತ, ಒಂದು ಚೆಂಡೆ, ಒಂದು ಮದ್ದಳೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಮನೆಗೆ ಹೋಗಿ ಚಾವಡಿಯಲ್ಲಿ ಹತ್ತು ಹದಿನೈದು ನಿಮಿಷ ಆಡುವುದು, ಮುಂದಿನ ಮನೆಗೆ ನಡೆಯುವುದು. ಒಂದೊಂದು ಮನೆಯಲ್ಲಿ ನೋಡುವವರು ಮೂವರೋ ನಾಲ್ವರೋ.

ಮುಂದಿನ ವಾರ ಹೊರಡುತ್ತೇವೆ. ಮೊನ್ನೆಯ ಮಳೆಗೆ ಮದ್ದಳೆ ಆಗಲೇ ಇಳಿದಿದೆ. ನಿನ್ನೆ ಇಡೀ ದಿನ ಒಲೆಯ ಮೇಲಿನ ಅಟ್ಟದಲ್ಲಿಟ್ಟು, ಸಂಜೆ ಇಳಿಸಿ, ಸುತ್ತಿಗೆ ಹಿಡಿದು ಅಂಚಿನ ಸುತ್ತ ನಿಧಾನಕ್ಕೆ ಬಡಿಯುತ್ತ ಕೂಡಿಸಿದೆ. ಅಮ್ಮ ಅಡುಗೆಮನೆಯಿಂದಲೇ ಕೂಗಿದರು, "ಆ ಬದಿ ಇನ್ನೂ ಸರಿ ಆಗ್ಲಿಲ್ಲ, ನೋಡು." ನೋಡಿದೆ. ಆಗಿರಲಿಲ್ಲ.